0.0 ಬರೆದರೆ -0.0 ಪ್ರಿಂಟ್ ಆಗುತ್ತಿದೆ: ಪ್ರತಿಕ್ರಿಯೆ
ಮೇಲೆ ಎಲ್ಲೋ -0.0 ಇದ್ದಾಗ ಮಾತ್ರ ನಿಮ್ಮ ರಾಯಚೂರು ಹತ್ತಿ ದರದ ಪ್ರೋಗ್ರಾಂನಲ್ಲಿ ಕೆಳಗಿನ 0.0 ಕೂಡ -0.0 ಆಗುತ್ತದೆ ಅಂದಿರಿ. ಹಾಗಾದರೆ ತಪ್ಪು ನೀವೇ ಬರೆದ ಕಂಪೈಲರ್‌ನ ಕಾನ್‌ಸ್ಟಂಟ್ ಟೇಬಲ್‌ನಲ್ಲೇ (ಕೋಡ್‌ನಲ್ಲಿ ಬರೆದ ಸಂಖ್ಯೆಗಳನ್ನು ಒಂದೊಂದೇ ಸಲ ಇಡುವ ಪಟ್ಟಿ) ಇರಬೇಕು. ಕೋಡ್ ನೋಡದೆ ಹೇಳುತ್ತಿದ್ದೇನೆ. ಫ್ಲೋಟಿಂಗ್ ಪಾಯಿಂಟ್ (ದಶಮಾಂಶ) ಸಂಖ್ಯೆಗಳ ಮಾನದಂಡವಾದ ಐಇಇಇ 754 ಪ್ರಕಾರ 0.0, -0.0 ಎರಡೂ ಸಮ. ಟೇಬಲ್‌ನಲ್ಲಿ == ಹಾಕಿ ಹುಡುಕಿದರೆ ಮೊದಲು ಸೇರಿದ್ದೇ ಎರಡಕ್ಕೂ ಸಿಗುತ್ತದೆ.

ಮೊದಲು ಟೇಬಲ್‌ನ ಕೀ (ಹುಡುಕಲು ಬಳಸುವ ಗುರುತು) ಬದಲಿಸಿ: ಸಂಖ್ಯೆಯ 64 ಬಿಟ್‌ಗಳನ್ನೇ ಪೂರ್ಣಾಂಕದಂತೆ ಹೋಲಿಸಿ. ಆಮೇಲೆ ವೇರಿಯಬಲ್ ಮುಂದಿನ ಮೈನಸ್ಸನ್ನು ‘0.0 ರಿಂದ ಕಳೆ’ ಅಂತ ಮಾಡಿದ್ದೀರಾ ನೋಡಿ. 0.0 - 0.0 ಕೊಡೋದು +0.0, ಅಲ್ವಾ? ಬೇಕಿರೋದು -0.0; ಅದಕ್ಕೆ ಸೈನ್ ಬಿಟ್ (ಪ್ಲಸ್ಸೋ ಮೈನಸ್ಸೋ ಹೇಳುವ ಬಿಟ್) ತಿರುಗಿಸಬೇಕು. ಆಪ್ಟಿಮೈಸರ್ (ಕೋಡನ್ನು ಚುರುಕುಗೊಳಿಸುವ ಭಾಗ) ‘+ 0.0’ ಕಿತ್ತುಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ.

ಟೆಸ್ಟ್‌ಗೆ == ಬೇಡ, ಸುಮ್ನೆ ಪಾಸ್ ಆಗುತ್ತದೆ. 1.0 / -0.0 ಪ್ರಿಂಟ್ ಮಾಡಿ, ಮೈನಸ್ ಇನ್ಫಿನಿಟಿ ಬರಬೇಕು. ನಿಮ್ಮ ಭಾಷೆಯಲ್ಲಿ ಅದು ಎರರ್ ಆದರೆ ಸೈನ್ ಬಿಟ್ ನೋಡಿ.