ಮಹಡಿ ಮೇಲೆ ಕಾಣದ ಡ್ರೈವ್

ಓದುಗರ ಪತ್ರ: ಶಿವಮೊಗ್ಗದಲ್ಲಿ ನಮ್ಮದು ಮಹಡಿ ಮನೆ. ಕೆಳಗೆ ಹಾಲ್‌ನಲ್ಲಿ ಫೈಬರ್ ಕಂಪನಿಯವರ ಬಾಕ್ಸ್ ಇದೆ. ಅದಕ್ಕೇ ಕೇಬಲ್ ಹಾಕಿ ಒಂದು ಹಳೆಯ ನೆಟ್‌ವರ್ಕ್ ಡ್ರೈವ್ ಇಟ್ಟಿದ್ದೇವೆ. ಫೋಟೊಗಳು, ಅಪ್ಪನ ತಾಳಮದ್ದಳೆ ರೆಕಾರ್ಡಿಂಗ್ ಎಲ್ಲ ಅದರಲ್ಲಿವೆ. ಮೇಲೆ ಸಿಗ್ನಲ್ ಸಾಲದು ಅಂತ ಹೊಸ ವೈಫೈ ರೂಟರ್ ತಂದೆವು. ಅಂದಿನಿಂದ ಮೇಲಿನ ಫೋನುಗಳಲ್ಲಿ ಡ್ರೈವ್ ಕಾಣುತ್ತಿಲ್ಲ. ಇಂಟರ್ನೆಟ್ ಮಾತ್ರ ಚೆನ್ನಾಗಿ ಬರುತ್ತದೆ. ಮಗಳ ಹೊಸ ಲ್ಯಾಪ್‌ಟಾಪ್‌ನಲ್ಲಿ ಕೆಳಗೆ ಕೂತರೂ ತೆರೆಯುವುದಿಲ್ಲ. ಕೆಳಗಿನ ಟಿವಿಯಲ್ಲಿ ಎಲ್ಲ ಸರಿ. ಅಂಗಡಿಯವರು ಡ್ರೈವ್ ಬದಲಿಸಿ, ಬೆಂಗಳೂರಿನಲ್ಲಿರುವ ಮಗನೂ ನೋಡಬೇಕಾದರೆ ಪೋರ್ಟ್ ತೆರೆಯಿರಿ ಅನ್ನುತ್ತಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಡ್ರೈವ್ ಬದಲಿಸಬೇಡಿ. ಟಿವಿಯಲ್ಲಿ ಓಡುತ್ತಿದೆ ಅಂದರೆ ಅದು ಕೆಟ್ಟಿಲ್ಲ. ಸುಮ್ನೆ ದುಡ್ಡು ದಂಡ.

ನಿಮ್ಮ ಪತ್ರದಲ್ಲೇ ಸುಳಿವಿದೆ: 'ಹೊಸ ರೂಟರ್ ತಂದ ದಿನದಿಂದ'. ಮೇಲೂ ಇಂಟರ್ನೆಟ್ ಬರುತ್ತದೆ, ಹಾಗಾಗಿ ಮನೆಯೆಲ್ಲ ಒಂದೇ ನೆಟ್‌ವರ್ಕ್ ಅಂದುಕೊಂಡಿದ್ದೀರಿ. ಹಾಗೇನೂ ಇರಬೇಕಿಲ್ಲ. ಹೊಸ ರೂಟರ್ ಒಂದು ವಠಾರದೊಳಗೆ ಇನ್ನೊಂದು ವಠಾರ ಕಟ್ಟಿದೆ. ಒಳಗಿನವರು ಬಾಗಿಲು ದಾಟಿ ಬೀದಿಗೆ ಹೋಗಿ ಬರುತ್ತಾರೆ, ಅದಕ್ಕೇ ಇಂಟರ್ನೆಟ್ ಬರುತ್ತದೆ. ಆದರೆ ಫೋನು ಡ್ರೈವನ್ನು ಹುಡುಕುವುದು 'ಇಲ್ಲಿ ಯಾರಿದ್ದೀರಪ್ಪಾ?' ಎಂದು ಕೂಗಿ. ಆ ಕೂಗು ಒಳವಠಾರದ ಗೋಡೆ ದಾಟುವುದಿಲ್ಲ.

ಇದನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ, ಈಗ ಜೋಡಣೆಯಾಗಿರುವ ನೆಟ್‌ವರ್ಕ್ ಹೆಸರನ್ನು ಒತ್ತಿದರೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಆ ಫೋನಿಗಿರುವ ನಂಬರ್, ಸಿಗುತ್ತದೆ. ಒಮ್ಮೆ ಮೇಲೆ, ಒಮ್ಮೆ ಕೆಳಗಿನ ವೈಫೈಗೆ ಹಾಕಿ ನೋಡಿ. ಕೆಳಗೆ 192.168.1.30, ಮೇಲೆ 192.168.0.105 ಅಂತೇನಾದರೂ ಬಂದರೆ ಕಳ್ಳ ಸಿಕ್ಕ. ಮೂರನೆಯ ಅಂಕಿ ಬೇರೆಯಾಯಿತು, ಅಲ್ವಾ? ತಮಾಷೆ ಏನೆಂದರೆ, ಇಂಥ ಮನೆಯಲ್ಲಿ ಡ್ರೈವ್‌ನ ನಂಬರನ್ನೇ ನೇರವಾಗಿ ಟೈಪ್ ಮಾಡಿದರೆ ಮೇಲಿನಿಂದಲೂ ಎಷ್ಟೋ ಸಲ ತೆರೆದುಬಿಡುತ್ತದೆ. ಪಟ್ಟಿಯಲ್ಲಿ ಹೆಸರು ಮಾತ್ರ ಕಾಣುವುದಿಲ್ಲ. ಎರಡು ರೂಟರುಗಳೂ (ಕೆಳಗಿನ ಬಾಕ್ಸೂ ಒಂದು ರೂಟರೇ) 192.168.1 ಅನ್ನೇ ಹಂಚುತ್ತಿದ್ದರೆ ಇನ್ನೂ ಕಷ್ಟ. ಫೋನು ಡ್ರೈವನ್ನು ಮೇಲಿನ ಮನೆಯಲ್ಲೇ ಹುಡುಕಿ ಸುಸ್ತಾಗುತ್ತದೆ, ನಂಬರ್ ಕೊಟ್ಟರೂ ಪ್ರಯೋಜನವಿಲ್ಲ.

ಮದ್ದು ಒಂದೇ. ಮೇಲಿನ ರೂಟರಿನ ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಹುಡುಕಿ, ಆನ್ ಮಾಡಿ. ಅಷ್ಟಾದರೆ ಅದು ಬೇರೆ ನಂಬರ್ ಹಂಚುವುದನ್ನು ಬಿಟ್ಟು, ಕೆಳಗಿನ ನೆಟ್‌ವರ್ಕನ್ನೇ ಮೇಲಕ್ಕೆ ಹರಡುತ್ತದೆ. ಆ ಮೋಡ್ ಇಲ್ಲದಿದ್ದರೆ ಸ್ವಲ್ಪ ಕೈಕೆಲಸ. ಮೊದಲು ಆ ರೂಟರಿಗೆ 192.168.1.2ರಂಥ, ಮನೆಯಲ್ಲಿ ಬೇರೆ ಯಾರೂ ಬಳಸದ ನಂಬರ್ ಕೊಡಿ. ಆಮೇಲೆ ಅದರಲ್ಲಿ ನಂಬರ್ ಹಂಚುವ ವ್ಯವಸ್ಥೆಯಾದ ಡಿಹೆಚ್‌ಸಿಪಿ ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು 'ವ್ಯಾನ್' ತೂತಿನಿಂದ ತೆಗೆದು 'ಲ್ಯಾನ್' ತೂತಿಗೆ ಹಾಕಿ. ಈ ಕ್ರಮ ತಪ್ಪಿಸಬೇಡಿ.

ಗೆಸ್ಟ್ ವೈಫೈ ಬಳಸುತ್ತಿದ್ದೀರಾ ಅಂತಲೂ ನೋಡಿಕೊಳ್ಳಿ. ಅದು ಇರುವುದೇ ಬಂದವರನ್ನು ಮನೆಯ ಸಾಮಾನಿನಿಂದ ದೂರ ಇಡಲು. ನಮ್ಮ ಕಚೇರಿಯಲ್ಲಿ ಪ್ರಿಂಟರ್ ಕಾಣುತ್ತಿಲ್ಲ ಅಂತ ಅರ್ಧ ದಿನ ಒದ್ದಾಡಿದ್ದು ಇದೇ ಕಾರಣಕ್ಕೆ. ಬೈಸಿಕೊಂಡಿದ್ದು ಪ್ರಿಂಟರ್. ಮನೆಯಲ್ಲಿ ಐಫೋನ್ ಇದ್ದರೆ ಇನ್ನೊಂದು ಮಾತು: 2020ರ ಐಓಎಸ್ 14ರಿಂದ ಮನೆಯ ಸಾಮಾನು ಹುಡುಕುವ ಪ್ರತಿ ಆ್ಯಪ್ 'ಲೋಕಲ್ ನೆಟ್‌ವರ್ಕ್' ಅನುಮತಿ ಕೇಳುತ್ತದೆ. ಒಮ್ಮೆ ಬೇಡ ಅಂದಿದ್ದರೆ ಪ್ರೈವೆಸಿ ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಬೇಕು.

ಮಗಳ ಲ್ಯಾಪ್‌ಟಾಪ್‌ನ ಕಥೆಯೇ ಬೇರೆ. ಕೆಳಗೆ ಕೂತರೂ ತೆರೆಯುವುದಿಲ್ಲ ಅಂದರೆ ತಪ್ಪು ರೂಟರಿನದಲ್ಲ. ಹಳೆಯ ಡ್ರೈವ್‌ಗಳು ಎಸ್‌ಎಂಬಿ 1 ಎಂಬ ಹಳೆಯ ಭಾಷೆಯಲ್ಲಿ ಮಾತಾಡುತ್ತವೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವಾನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಮ್ ಹರಡಿದ್ದು ವಿಂಡೋಸ್‌ನಲ್ಲಿ ಆ ಭಾಷೆಗಿದ್ದ ದೋಷ ಹಿಡಿದೇ. ಅದೇ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ ಹೊಸ ಆವೃತ್ತಿಯಿಂದ ಮೈಕ್ರೋಸಾಫ್ಟ್ ಎಸ್‌ಎಂಬಿ 1 ಅನ್ನು ಕೈಬಿಡತೊಡಗಿತು. ಹಾಗಾಗಿ ಡ್ರೈವ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಇದೆಯೇ ನೋಡಿ. ಪಾಸ್‌ವರ್ಡ್ ಇಲ್ಲದೆ ತೆರೆಯುವಂತೆ ಇಟ್ಟಿದ್ದರೆ ಹೊಸ ವಿಂಡೋಸ್ ಅದನ್ನೂ ಒಪ್ಪದಿರಬಹುದು. ಒಂದು ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿಕೊಡಿ. ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕರೆಂಟ್ ಹೋಗಿ ಬಂದಾಗ ಡ್ರೈವ್‌ನ ನಂಬರ್ ಬದಲಾಗುವುದೂ ಉಂಟು. ಕೆಳಗಿನ ಬಾಕ್ಸ್‌ನಲ್ಲಿ 'ಅಡ್ರೆಸ್ ರಿಸರ್ವೇಷನ್' ಇದ್ದರೆ ಒಂದೇ ನಂಬರ್ ಕಾಯಂ ಮಾಡಿ.

ಇನ್ನು ಪೋರ್ಟ್ ತೆರೆಯುವ ವಿಷಯ, ಅಂದರೆ ಹೊರಗಿನ ಇಂಟರ್ನೆಟ್‌ನಿಂದ ಡ್ರೈವ್‌ಗೆ ನೇರ ಬಾಗಿಲು ಬಿಡುವುದು. ಬೇಡವೇ ಬೇಡ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಡ್ರೈವ್‌ಗಳಲ್ಲಿ ಬಹಳ ಜನರ ಫೈಲುಗಳು ರಾತ್ರೋರಾತ್ರಿ ಅಳಿಸಿಹೋದವು. ದಾಳಿ ನಡೆದದ್ದು ಇಂಟರ್ನೆಟ್ ಮೂಲಕ. 2015ರ ನಂತರ ಅವಕ್ಕೆ ಅಪ್‌ಡೇಟ್ ಬಂದಿರಲಿಲ್ಲ. ಇಂಟರ್ನೆಟ್‌ನಿಂದ ಬಿಚ್ಚಿಡಿ ಅಂತ ಕಂಪನಿಯೇ ಹೇಳಬೇಕಾಯಿತು. ನಿಮ್ಮದೂ ಹಳೆಯ ಡ್ರೈವ್, ಒಳಗಿರುವುದು ಅಪ್ಪನ ದನಿ. ಮಗನಿಗೆ ಬೇಕಾದ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡಿ. ರೂಟರಿಗೆ ಕೈ ಹಚ್ಚುವ ಮುಂಚೆಯೇ ಆ ರೆಕಾರ್ಡಿಂಗ್‌ಗಳ ಇನ್ನೊಂದು ನಕಲನ್ನು ಬೇರೆ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ.

ಇಷ್ಟು ಮಾಡಿಯೂ ಮೇಲೆ ಡ್ರೈವ್ ತೆರೆಯದಿದ್ದರೆ ಮತ್ತೆ ಬರೆಯಿರಿ. ಆದರೆ ಮೇಲಿನ ಫೋನಿನ ಐಪಿ ನಂಬರು, ಡ್ರೈವ್‌ನ ನಂಬರು ಎರಡನ್ನೂ ಪತ್ರದಲ್ಲಿ ಮರೆಯದೆ ಕಾಣಿಸಿ.