ಓದುಗರ ಪ್ರಶ್ನೆ: ನಮ್ಮ ಕಬ್ಬಿನ ದರ ಕೇಳೋಕೆ ಜಿನೀವಾದವರು ಯಾರು?

ಪ್ರಶ್ನೆ: ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ (ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ) ನಿಗದಿ ಮಾಡಿದ್ದೇ ತಪ್ಪು ಅಂತ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತೀರ್ಪಾಗಿದೆಯಂತೆ. ಆದರೆ ದರವೇನೂ ಇಳಿದಿಲ್ಲ. ತೀರ್ಪಿಗೆ ಬೆಲೆಯೇ ಇಲ್ಲದಿದ್ದರೆ ಆ ಸಂಸ್ಥೆಯಲ್ಲಿ ನಾವು ಇರುವುದಾದರೂ ಯಾಕೆ?
– ಕಬ್ಬು ಬೆಳೆಗಾರರೊಬ್ಬರು, ಮುಧೋಳ

ಉತ್ತರ: ತೀರ್ಪು ಬಂದದ್ದು ನಿಜ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೂರು ಕೊಟ್ಟವು. 2021ರ ಡಿಸೆಂಬರ್‌ನಲ್ಲಿ ವಿಚಾರಣಾ ಸಮಿತಿಯ ವರದಿ ನಮಗೆ ವಿರುದ್ಧವಾಗಿ ಬಂತು. ರಫ್ತು ಸಹಾಯಧನದ ಮೇಲೂ ಆಕ್ಷೇಪವಿತ್ತು. ನೀವು ಕೇಳಿದ್ದು ದರದ ಬಗ್ಗೆ, ಅಷ್ಟನ್ನೇ ನೋಡೋಣ.

ಸಂಸ್ಥೆಯ ಕೃಷಿ ಒಪ್ಪಂದದ ಪ್ರಕಾರ ಒಂದು ಬೆಳೆಗೆ ಭಾರತ ಕೊಡುವ ಬೆಂಬಲ ಆ ಬೆಳೆಯ ಒಟ್ಟು ಉತ್ಪಾದನಾ ಮೌಲ್ಯದ ಶೇ 10 ದಾಟುವಂತಿಲ್ಲ. ದರದ ಮೂಲಕ ಸಿಗುವ ಬೆಂಬಲದ ಲೆಕ್ಕ ಹೀಗೆ: ಸರ್ಕಾರ ನಿಗದಿ ಮಾಡಿದ ದರದಿಂದ ಒಂದು ಸ್ಥಿರ ಆಧಾರ ಬೆಲೆಯನ್ನು ಕಳೆದು, ಉಳಿದದ್ದನ್ನು ಆ ದರಕ್ಕೆ ಅರ್ಹವಾದ ಇಡೀ ಬೆಳೆಯ ಪ್ರಮಾಣದಿಂದ ಗುಣಿಸುವುದು. ಎಡವಟ್ಟಿರುವುದು ಆ ಆಧಾರ ಬೆಲೆಯಲ್ಲೇ. ಅದು 1986–88ರ ಕಾಲದ್ದು. 2018–19ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 275 ರೂಪಾಯಿ. ಮೂವತ್ತು ವರ್ಷದ ಹಿಂದಿನ ಬೆಲೆಯ ಪಕ್ಕದಲ್ಲಿಟ್ಟರೆ ಹಣದುಬ್ಬರವೂ ‘ಬೆಂಬಲ’ದ ಲೆಕ್ಕಕ್ಕೇ ಸೇರಿಬಿಡುತ್ತದೆ. ದುಡ್ಡು ಕೊಡುವುದು ಕಾರ್ಖಾನೆ, ಖಜಾನೆಯಿಂದ ಒಂದು ಪೈಸೆಯೂ ಹೋಗುವುದಿಲ್ಲ ಎಂದು ಭಾರತ ವಾದಿಸಿತು. ಯಾರು ಕೊಟ್ಟರೇನು, ದರ ಕಟ್ಟಿದ್ದು ಸರ್ಕಾರವಲ್ಲವೇ ಎಂದಿತು ಸಮಿತಿ. 2014–15ರಿಂದ 2018–19ರವರೆಗೆ ಐದು ಹಂಗಾಮಿನಲ್ಲೂ ಮಿತಿ ದಾಟಿದೆ ಎಂದು ಹೇಳಿತು. ಈ ಸೂತ್ರ ಅನ್ಯಾಯದ್ದು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ 1994ರಲ್ಲಿ ಅದಕ್ಕೆ ಸಹಿ ಹಾಕಿದವರಲ್ಲಿ ನಾವೂ ಇದ್ದೆವು.

ಮತ್ತೆ ದರ ಯಾಕೆ ಇಳಿಯಲಿಲ್ಲ? 2022ರ ಜನವರಿಯಲ್ಲಿ ಭಾರತ ಮೇಲ್ಮನವಿ ಹಾಕಿತು. ಅದನ್ನು ಕೇಳಬೇಕಾದ ಪೀಠದಲ್ಲಿ ಏಳು ಜನ ಇರಬೇಕು, ಒಂದೊಂದು ಪ್ರಕರಣಕ್ಕೆ ಮೂವರು ಕೂರಬೇಕು. ಹೊಸ ನೇಮಕಗಳಿಗೆ ಅಮೆರಿಕ ಅಡ್ಡಗಾಲು ಹಾಕುತ್ತಲೇ ಬಂದದ್ದರಿಂದ 2019ರ ಡಿಸೆಂಬರ್ 11ರಿಂದ ಅಲ್ಲಿ ಮೂವರೂ ಇಲ್ಲ. ಮೇಲ್ಮನವಿ ಇತ್ಯರ್ಥವಾಗದೆ ವರದಿ ಜಾರಿಯಾಗದು. ವರದಿ ಜಾರಿಯಾಗದೆ ಎದುರಾಳಿಗೆ ಪ್ರತೀಕಾರದ ಸುಂಕ ಹಾಕಲು ಅನುಮತಿ ಸಿಗದು. ಇದರಿಂದ ನಮಗೆ ನಷ್ಟವೂ ಆಗಿದೆ. ಅಮೆರಿಕದ ಕೆಲವು ರಾಜ್ಯಗಳ ನವೀಕರಿಸಬಹುದಾದ ಇಂಧನ ಸಹಾಯಧನದ ಪ್ರಕರಣದಲ್ಲಿ 2019ರಲ್ಲಿ ಭಾರತ ಗೆದ್ದಿತ್ತು. ಅಮೆರಿಕ ಮೇಲ್ಮನವಿ ಹಾಕಿ ಕೂತಿತು. 2023ರ ಜೂನ್‌ನಲ್ಲಿ ಎರಡೂ ದೇಶಗಳು ಆರು ವ್ಯಾಜ್ಯಗಳನ್ನು ಮಾತುಕತೆಯಲ್ಲಿ ಮುಗಿಸಿಕೊಂಡಾಗಲೇ ಅದಕ್ಕೆ ತೆರೆ ಬಿದ್ದದ್ದು.

ಇಷ್ಟಿದ್ದರೂ ಯಾಕಿರಬೇಕು ಅಂದರೆ, ಹಾಸಿಗೆ ಬಟ್ಟೆಯ ಪ್ರಕರಣ ನೋಡಿ. ಭಾರತದ ಹತ್ತಿ ಹೊದಿಕೆಗಳನ್ನು ತೀರಾ ಅಗ್ಗಕ್ಕೆ ತಂದು ಸುರಿಯುತ್ತಿದ್ದಾರೆಂದು ಯುರೋಪ್ 1997ರಲ್ಲಿ ಸುಂಕ ಹಾಕಿತ್ತು. ಅವರ ಲೆಕ್ಕದ ಚಾಲಾಕಿ ಹೀಗಿತ್ತು: ಒಂದು ಮಾದರಿಯನ್ನು ದೇಶೀ ಬೆಲೆಗಿಂತ 10 ರೂಪಾಯಿ ಕಡಿಮೆಗೆ, ಇನ್ನೊಂದನ್ನು 10 ರೂಪಾಯಿ ಹೆಚ್ಚಿಗೆ ಮಾರಿದ್ದೀರಿ ಅನ್ನಿ. ಎರಡೂ ಸಮಸಮ, ವ್ಯತ್ಯಾಸ ಸೊನ್ನೆ. ಯುರೋಪ್ ಮಾತ್ರ ಹೆಚ್ಚಿಗೆ ಮಾರಿದ್ದನ್ನು ಸೊನ್ನೆ ಎಂದು ಬರೆದುಕೊಂಡು, ಕಡಿಮೆಗೆ ಮಾರಿದ್ದನ್ನಷ್ಟೇ ಎಣಿಸುತ್ತಿತ್ತು. ಭಾರತ ದೂರು ಕೊಟ್ಟಿತು. 2001ರಲ್ಲಿ ಮೇಲ್ಮನವಿ ಪೀಠ ಆ ವಿಧಾನ ತಪ್ಪೆಂದಿತು. ನೇರವಾಗಿ ಬ್ರಸೆಲ್ಸ್‌ಗೆ ಹೋಗಿ ಕೇಳಿದ್ದರೆ ಚಹಾ ಕುಡಿಸಿ ಕಳಿಸುತ್ತಿದ್ದರು.

ಇನ್ನೊಂದು ಲೆಕ್ಕವೂ ಇದೆ. 166 ಸದಸ್ಯರು ಎರಡೆರಡಾಗಿ ಕೂತು ಒಪ್ಪಂದ ಮಾಡಿಕೊಳ್ಳುವುದಾದರೆ 13,695 ಒಪ್ಪಂದ ಬೇಕು. ಪ್ರತಿಯೊಂದರಲ್ಲೂ ಬಲಿಷ್ಠನದೇ ಮೇಲುಗೈ.

ಪ್ರಶ್ನೆ: ಬಲಿಷ್ಠನಿಗೆ ಹಾಗಾದರೆ ಈ ಸಂಸ್ಥೆಗಳು ಯಾಕೆ ಬೇಕು? ಅಮೆರಿಕ ಎದ್ದು ಹೋಗಬಹುದಲ್ಲ?
– ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹೋಗುವುದೂ ಉಂಟು, ಮರಳುವುದೂ ಉಂಟು. ಯುನೆಸ್ಕೋವನ್ನು 2018ರ ಕೊನೆಗೆ ಬಿಟ್ಟು 2023ರಲ್ಲಿ ವಾಪಸಾಯಿತು. ಅಂಚೆಯ ವಿಚಾರದಲ್ಲಂತೂ ಹೊಸ್ತಿಲವರೆಗೆ ಹೋಗಿ ನಿಂತಿತು. ವಿದೇಶದಿಂದ ಬಂದ ಕಾಗದ, ಸಣ್ಣ ಪೊಟ್ಟಣ ಬಟವಾಡೆ ಮಾಡಿದ್ದಕ್ಕೆ ಕಳಿಸಿದ ದೇಶದ ಅಂಚೆ ಶುಲ್ಕ ಕೊಡಬೇಕು. 1874ರಲ್ಲಿ ಬರ್ನ್‌ನಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ ಈ ದರ ನಿಗದಿ ಮಾಡುತ್ತದೆ. ಚೀನಾದಿಂದ ಬರುವ ಪೊಟ್ಟಣಗಳ ದರ ತೀರಾ ಕಡಿಮೆ ಎಂದು ಸಿಟ್ಟಾದ ಅಮೆರಿಕ 2018ರ ಅಕ್ಟೋಬರ್‌ನಲ್ಲಿ ಒಂದು ವರ್ಷದ ನೋಟಿಸ್ ಕೊಟ್ಟಿತು. ಬಿಟ್ಟಿದ್ದರೆ ನೂರಾರು ದೇಶಗಳೊಂದಿಗೆ ಬಟವಾಡೆಯ ಏರ್ಪಾಡನ್ನು ಬೇರೆ ಬೇರೆಯಾಗಿ ಮಾಡಿಕೊಳ್ಳಬೇಕಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ವಿಶೇಷ ಅಧಿವೇಶನ ಸೇರಿ, ದರವನ್ನು ತಾನೇ ಘೋಷಿಸಿಕೊಳ್ಳುವ ಅವಕಾಶ ಸಿಕ್ಕಿತು. ಅಮೆರಿಕ ಉಳಿಯಿತು. ಬೆದರಿಕೆಯ ಉದ್ದೇಶವೂ ಅದೇ ಇತ್ತು ಅನ್ನಿಸುತ್ತದೆ.

ಪ್ರಶ್ನೆ: ಹೊರದೇಶದವರು ಕಾಫಿ, ಮೆಣಸಿಗೆ ಹೊಸ ನಿಯಮ ತಂದದ್ದು ಸರಕು ಬಂದರಿನಲ್ಲಿ ನಿಂತಾಗಲೇ ಗೊತ್ತಾಗುತ್ತದೆ. ಮೊದಲೇ ತಿಳಿಯಲು ದಾರಿ ಇದೆಯೇ?
– ರಫ್ತುದಾರರು, ಚಿಕ್ಕಮಗಳೂರು

ಉತ್ತರ: ಇದೆ, ಖರ್ಚೂ ಇಲ್ಲ. ಆಹಾರ ಸುರಕ್ಷತೆ ಅಥವಾ ತಾಂತ್ರಿಕ ಮಾನದಂಡದ ಹೊಸ ನಿಯಮವು ಅಂತರರಾಷ್ಟ್ರೀಯ ಮಾನದಂಡಕ್ಕಿಂತ ಬೇರೆಯಾಗಿದ್ದು ವ್ಯಾಪಾರಕ್ಕೆ ತಟ್ಟುವಂತಿದ್ದರೆ, ಸದಸ್ಯ ದೇಶ ಅದನ್ನು ಕರಡಿನಲ್ಲೇ ವಿಶ್ವ ವ್ಯಾಪಾರ ಸಂಸ್ಥೆಗೆ ತಿಳಿಸಬೇಕು. ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ‘ಇ-ಪಿಂಗ್’ ಎಂಬ ಜಾಲತಾಣದಲ್ಲಿ ನಿಮ್ಮ ಸರಕು, ಮಾರುಕಟ್ಟೆ ದೇಶ ಆರಿಸಿ ನೋಂದಾಯಿಸಿದರೆ ಇಮೇಲ್ ಬರುತ್ತದೆ. ಆಕ್ಷೇಪವನ್ನು ನೀವೇ ನೇರವಾಗಿ ಆ ದೇಶಕ್ಕೆ ಕಳಿಸುವ ಬದಲು ನಮ್ಮ ವಿಚಾರಣಾ ಕೇಂದ್ರದ ಮೂಲಕ ಕಳಿಸಿ: ಆಹಾರ ಸುರಕ್ಷತೆಗೆ ಎಫ್‌ಎಸ್‌ಎಸ್‌ಎಐ, ತಾಂತ್ರಿಕ ಮಾನದಂಡಕ್ಕೆ ಭಾರತೀಯ ಮಾನಕ ಬ್ಯೂರೋ. ಸಾಮಾನ್ಯವಾಗಿ ಹೆಚ್ಚಿನವರು ಎಡವುವುದು ‘ಬೆಳೆಗಾರರಿಗೆ ತೊಂದರೆ’ ಎಂದಷ್ಟೇ ಬರೆದು. ಅಧಿಸೂಚನೆಯ ಸಂಖ್ಯೆ, ಯಾವ ಕಲಮು, ಕರಡಿನಲ್ಲಿರುವ ಮಿತಿ ಎಷ್ಟು, ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಎಷ್ಟು, ನಿಮ್ಮ ಪ್ರಯೋಗಾಲಯ ವರದಿಯಲ್ಲಿ ಬಂದದ್ದೆಷ್ಟು ಎಂದು ಬರೆಯಿರಿ. 60ನೇ ದಿನದವರೆಗೂ ಕಾಯಬೇಡಿ, ದೆಹಲಿಯ ಕಡತ ಓಡಾಡಲೂ ದಿನ ಬೇಕು. ತುರ್ತು ಕ್ರಮ ಎಂದು ಘೋಷಿಸಿದರೆ ಮಾತ್ರ ಈ ಗಡುವು ಸಿಗುವುದಿಲ್ಲ. ನಿಯಮ ಮೊದಲು ಜಾರಿ, ಮಾತು ಆಮೇಲೆ.