‘ವೆಂಟಿಲೇಟರ್ ಬೇಡ’ ಅಂತ ಅಪ್ಪ ಮೊದಲೇ ಬರೆದಿಟ್ಟರೆ ಬೆಂಗಳೂರಿನ ಆಸ್ಪತ್ರೆ ಅದಕ್ಕೆ ಬೆಲೆ ಕೊಡುತ್ತದಾ?

ಹೌದು, ಕಾನೂನಿನಲ್ಲಿ ಅದಕ್ಕೆ ಬೆಲೆಯಿದೆ. ಇದನ್ನು ಲಿವಿಂಗ್ ವಿಲ್ ಅನ್ನುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಈ ಹಕ್ಕನ್ನು ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಕರ್ನಾಟಕ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ.

ಸಾಯಿಸುವ ಇಂಜೆಕ್ಷನ್ ಕೊಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಇವತ್ತಿಗೂ ಅಪರಾಧ. ಇಲ್ಲಿ ಸಾವು ಬರುವುದು ಕಾಯಿಲೆಯಿಂದಲೇ. ಗುಣವಾಗುವ ದಾರಿ ಇಲ್ಲದಾಗ, ಅದನ್ನು ಸುಮ್ನೆ ಮುಂದೂಡುವ ಯಂತ್ರವನ್ನು ನಿಲ್ಲಿಸುತ್ತಾರೆ, ಅಷ್ಟೇ. ನೋವು ಕಡಿಮೆ ಮಾಡುವ ಔಷಧಿ, ಆರೈಕೆ ನಿಲ್ಲುವುದಿಲ್ಲ.

ಅಪ್ಪ ಚೆನ್ನಾಗಿ ಮಾತಾಡುವಾಗಲೇ, ಸ್ವಂತ ಇಷ್ಟದಿಂದ ಬರೆಯಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ತಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಬರೆಯಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಆದರೆ ಕಾಗದ ತೋರಿಸಿದ ತಕ್ಷಣ ಯಂತ್ರ ತೆಗೆಯುವುದಿಲ್ಲ. ಮೊದಲು ಆಸ್ಪತ್ರೆಯ ವೈದ್ಯರ ಮಂಡಳಿ ಒಪ್ಪಬೇಕು. ಆಮೇಲೆ ಸರ್ಕಾರದ ಕಡೆಯಿಂದ ನೇಮಕವಾದ ಒಬ್ಬ ವೈದ್ಯರೂ ಇರುವ ಎರಡನೇ ಮಂಡಳಿ ಒಪ್ಪಬೇಕು. ಪ್ರತಿ ಮಂಡಳಿಗೆ 48 ಗಂಟೆಯೊಳಗೆ ಹೇಳುವ ಗುರಿಯಿದೆ. ಕೊನೆಗೆ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತಾರೆ. ಆಸ್ತಿಯ ಆಸೆಗೋ ಬಿಲ್ಲಿನ ಭಯಕ್ಕೋ ಯಾರೂ ಒಬ್ಬರೇ ತೀರ್ಮಾನ ಮಾಡಬಾರದು ಅಲ್ವಾ, ಅದಕ್ಕೇ ಇಷ್ಟು ಕಾವಲು.

ದಯವಿಟ್ಟು ಕಾಗದವನ್ನು ಬೀರುವಿನಲ್ಲಿ ಬಚ್ಚಿಡಬೇಡಿ. ಒಂದು ಪ್ರತಿ ಮನೆಯವರ ಕೈಗೆ, ಇನ್ನೊಂದು ನಿಮ್ಮ ಡಾಕ್ಟರಿಗೆ ಕೊಡಿ. ಐಸಿಯು ಬಾಗಿಲಲ್ಲಿ ನಿಂತು ಅಣ್ಣ ತಮ್ಮಂದಿರು ‘ಅಪ್ಪನಿಗೆ ಏನು ಇಷ್ಟವಿತ್ತು’ ಅಂತ ಜಗಳವಾಡುವುದು ಅದರಿಂದ ತಪ್ಪುತ್ತದೆ.